ಹೆಗ್ಗೋಡಿನಲ್ಲಿ ಕೊನೆಕೊಯ್ಲಿನ ಹೊತ್ತು

ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿಗೆ ಹೋಗುವವರು ಹೆಚ್ಚಾಗಿ ಅಕ್ಟೋಬರಿನಲ್ಲಿ ಹೋಗುತ್ತಾರೆ. ಅಲ್ಲಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರ ಆಗ. ಮೇಷ್ಟ್ರುಗಳು, ವಿದ್ಯಾರ್ಥಿಗಳು, ಬ್ಯಾಂಕಿನಿಂದ ನಿವೃತ್ತರಾದವರು, ಕವಿತೆ ಬರೆಯುವ ಇಂಜಿನಿಯರುಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಡಾಡುವ ಕಾಲ. ನಾನೂ ಹಾಗೆ ಹೋದವನೇ. ಹಗಲೆಲ್ಲ ಮಾತು, ಸಂಜೆ ನಾಟಕ, ನಾಟಕ ಮುಗಿದ ಮೇಲೆ ಅದರ ಬಗ್ಗೆ ಮತ್ತೆ ಮಾತು. ಇಷ್ಟು ಜನಕ್ಕೆ ಜಾಗ, ಊಟ, ಹಾಸಿಗೆ ಎಲ್ಲವನ್ನೂ ಸದ್ದಿಲ್ಲದೆ ನಡೆಸಿಕೊಂಡು ಹೋಗುತ್ತಿದ್ದ ಊರಿನವರನ್ನು ಮಾತಾಡಿಸಲು ಮಾತ್ರ ಪುರುಸೊತ್ತೇ ಸಿಕ್ಕಿರಲಿಲ್ಲ. ಹಾಗಾಗಿ ಈ ಸಲ ಬೇಕೆಂದೇ ಡಿಸೆಂಬರಿನಲ್ಲಿ ಹೊರಟೆ. ಶಿಬಿರವಿಲ್ಲ, ಅತಿಥಿಗಳಿಲ್ಲ. ಊರು ತನ್ನ ಪಾಡಿಗೆ ಅಡಿಕೆಯ ಕೊನೆ, ಅಂದರೆ ಗೊಂಚಲು, ಕೊಯ್ಯುತ್ತಿರುತ್ತದೆ.

ತುಮಕೂರಿನಲ್ಲಿ ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಾಗರ. ನಿಲ್ದಾಣದ ಫಲಕದಲ್ಲಿ ಸಾಗರ ಜಂಬಗಾರು ಎಂದಿರುತ್ತದೆ, ಗಾಬರಿಯಾಗಬೇಕಿಲ್ಲ. ಅಲ್ಲಿಂದ ಹೆಗ್ಗೋಡು ಹತ್ತು ಕಿಲೋಮೀಟರಿನ ಒಳಗೆ. ನಾನು ಉಳಿದುಕೊಂಡದ್ದು ಅದರ ಪಕ್ಕದ ಹಳ್ಳಿಯಲ್ಲಿ, ಗೆಳೆಯನ ಸೋದರತ್ತೆಯ ಮನೆಯಲ್ಲಿ. ಹಳ್ಳಿಯೆಂದರೆ ನಮ್ಮ ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲ. ಕೆಳಗೆ ತೋಟ, ದಂಡೆಯಲ್ಲೊಂದು ಮನೆ, ಮೇಲೆ ಸೊಪ್ಪಿನ ಬೆಟ್ಟ. ಒಂದು ಏರು ಹತ್ತಿ ಇಳಿದರೆ ಇನ್ನೊಂದು ಮನೆ. ಕೂಗಿದರೂ ಕೇಳದಷ್ಟು ದೂರ. ಆದರೂ ನಾನು ಬ್ಯಾಗು ಇಳಿಸಿ ಕಷಾಯ ಕುಡಿಯುವಷ್ಟರಲ್ಲಿ "ತುಮಕೂರಿನವರು ಬಂದ್ರಂತೆ" ಎಂಬುದು ಆಚೆಮನೆಗೆ ಗೊತ್ತಾಗಿತ್ತು.

ಊರಿಗೊಂದು ವಾಟ್ಸಾಪ್ ಗುಂಪು ಇಲ್ಲೂ ಇದೆ. ಮಾವ (ಸೋದರತ್ತೆಯ ಯಜಮಾನರು, ನಾನೂ ಮಾವ ಎಂದೇ ಕರೆದೆ) ಅದನ್ನು ತೋರಿಸಿದರು. ನಗರದ ಗುಂಪುಗಳಂತೆ ಶುಭೋದಯದ ಹೂವುಗಳ ಕಾಟ ಕಡಿಮೆ. ಲೈನ್ ಕೆಲಸವಿದೆ, ಹತ್ತರಿಂದ ಐದರವರೆಗೆ ಕರೆಂಟಿಲ್ಲ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬರುತ್ತಾರೆ, ಕಟ್ಟಿಹಾಕಿಕೊಂಡಿರಿ. ರಾಶಿ ಇಡಿ ಎಂಬ ಬಗೆಯ ಅಡಿಕೆಯ ಇವತ್ತಿನ ಧಾರಣೆ ಇಷ್ಟು. ಆಮೇಲೆ ಒಂದು ಸಾಲು: "ಶನಿವಾರ ಬೆಳಿಗ್ಗೆ ಶಾಲೆ ಹತ್ತಿರ ಜಿಗ್ಗು ಸವರುವುದು. ಮನೆಗೊಬ್ಬರು. ಕತ್ತಿ ನಿಮ್ಮದೇ." (ಜಿಗ್ಗೆಂದರೆ ಪೊದೆ.) ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಇಷ್ಟು ಚುಟುಕಾಗಿ ಹೇಳಿದ್ದನ್ನು ನಾನೆಲ್ಲೂ ಕಂಡಿಲ್ಲ.

ಆದರೆ ನೆಟ್‌ವರ್ಕು ಬೇಲಿಯ ಮೂಲೆಯಲ್ಲಿ ನಿಂತರೆ ಉಂಟು, ಜಗಲಿಗೆ ಬಂದರೆ ಇಲ್ಲ. ಊರಿನ ನಿಜವಾದ ಸುದ್ದಿ ಹರಿದಾಡುವುದು ರಾತ್ರಿ, ಅಡಿಕೆ ಸುಲಿಯುವಲ್ಲಿ.

ಊಟ ಮುಗಿದ ಮೇಲೆ ಅಂಗಳದ ಚಪ್ಪರದಡಿ ಒಬ್ಬೊಬ್ಬರೇ ಬಂದು ಕೂತರು. ಹೆಚ್ಚಿನವರು ಹೆಂಗಸರು. ನಡುವೆ ಆ ದಿನ ಕೊಯ್ದ ಹಸಿರು ಅಡಿಕೆಯ ರಾಶಿ, ಪ್ರತಿಯೊಬ್ಬರ ಮುಂದೆ ಒಂದು ಮೆಟ್ಟುಗತ್ತಿ. ಮಣೆಯನ್ನು ಕಾಲಲ್ಲಿ ಅದುಮಿ ಹಿಡಿದು, ಮೇಲ್ಮುಖವಾಗಿ ನಿಂತ ಅಲಗಿಗೆ ಕಾಯಿಯನ್ನು ಒತ್ತಿ ತಿರುವುತ್ತಾರೆ. ಸಿಪ್ಪೆ ಸೀಳುತ್ತದೆ, ಇನ್ನೊಂದು ತಿರುವಿಗೆ ಬೀಜ ಬುಟ್ಟಿಗೆ, ಸಿಪ್ಪೆ ಹಿಂದಕ್ಕೆ. ಕಣ್ಣು ಕೈಯ ಮೇಲಿಲ್ಲ, ಮಾತಾಡುವವರ ಮುಖದ ಮೇಲೆ. ಬೆರಳುಗಳೆಲ್ಲ ಕಾಯಿಯ ರಸ ಹಿಡಿದು ಕಪ್ಪು. ಕೊಯ್ಲು ಮುಗಿದು ವಾರಗಳಾದರೂ ಆ ಕಪ್ಪು ಹೋಗುವುದಿಲ್ಲವಂತೆ. ನನಗೂ ಒಂದು ಕತ್ತಿ ಕೊಟ್ಟರು. ನಾನು ಬೊಗಸೆಯಷ್ಟು ಸುಲಿಯುವುದರೊಳಗೆ ಪಕ್ಕದಲ್ಲಿದ್ದ ಅಜ್ಜಿಯ ಬುಟ್ಟಿ ತುಂಬಿ ಬದಲಾಗಿತ್ತು.

"ಎಲೆಚುಕ್ಕೆ ರೋಗ ಮೇಲಿನಮನೆ ತೋಟಕ್ಕೂ ಬಂತಂತೆ."

"ಅವರು ಬೋರ್ಡೋ ದ್ರಾವಣ ಹೊಡೆದಿದ್ದು ಕೊಳೆರೋಗಕ್ಕೆ. ಇದಕ್ಕೆ ಅದು ಎಲ್ಲಿ ಸಾಕಾಗ್ತದೆ?"

"ಕೊನೆ ಕೊಯ್ಯೋ ಕೊನೆಗೌಡ ನಾಳೆ ಎಲ್ಲಿಗೆ?"

"ನಾಳೆ ಸೇತುವೆಯಾಚೆ. ನಾಡಿದ್ದು ಇಲ್ಲಿಗೆ ಅಂದಿದ್ದಾನೆ. ಬಂದ ಮೇಲೆ ಖರೆ."

ಯಾರ ಮನೆಯ ಹುಡುಗಿಗೆ ಮಂಗಳೂರಲ್ಲಿ ಕೆಲಸವಾಯಿತು, ಯಾರ ಅಜ್ಜ ಆಸ್ಪತ್ರೆಯಿಂದ ಬಂದರು, ಯಾರು ತೋಟ ಮಾರುವ ಮಾತಾಡುತ್ತಿದ್ದಾರೆ ಎಲ್ಲ ಬಂದು ಹೋಯಿತು. ನಡುವೆ ಒಬ್ಬಾಕೆ ನೀನಾಸಂನ ಸಂಚಾರಿ ತಂಡವಾದ ತಿರುಗಾಟದ ಮಾತೆತ್ತಿ ಕೇಳಿದಳು, "ಈ ಸಲದ ತಿರುಗಾಟದ ನಾಟಕ ನೋಡಿದ್ಯೇನೆ?" ಇನ್ನೊಬ್ಬಾಕೆ ಕೈ ನಿಲ್ಲಿಸದೆ ಹೇಳಿದಳು: "ನೋಡ್ದೆ. ಮೊದಲ ದಿನದ್ದು ಹಿಡಿಸ್ತು. ಎರಡನೇದು ಉದ್ದ ಆಯ್ತು. ಕೊನೇ ದೃಶ್ಯ ಬೇಕಿರ್ಲಿಲ್ಲ." ನಾನು ಪತ್ರಿಕೆಗಳಲ್ಲಿ ಓದುವ ಅರ್ಧ ಪುಟದ ವಿಮರ್ಶೆಗಳಲ್ಲಿ ಇಷ್ಟು ಧೈರ್ಯ ಇರುವುದಿಲ್ಲ.

ಅಂಥ ಮಾತು ಅಡಿಕೆ ಸುಲಿಯುವಲ್ಲಿ ಬರುತ್ತದೆಂದರೆ ಅದಕ್ಕೆ ಹಿನ್ನೆಲೆಯಿದೆ. 1949ರಲ್ಲಿ ಇಲ್ಲಿನ ಕೆಲವು ಅಡಿಕೆ ಬೆಳೆಗಾರರು ಕೂಡಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದರ ಮೊದಲಕ್ಷರಗಳೇ ನೀನಾಸಂ. ಹಗಲು ತೋಟ, ರಾತ್ರಿ ನಾಟಕ. ಕೆ.ವಿ. ಸುಬ್ಬಣ್ಣನವರ ಕಾಲಕ್ಕೆ ಅದು ಬೇರೆಯೇ ಎತ್ತರಕ್ಕೆ ಹೋಯಿತು: 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, ಮರುವರ್ಷ ಸಿನಿಮಾ ನೋಡಲೆಂದು ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಎಲ್ಲಿದೆ ಎಂದು ಹೊರಗಿನವರು ನಕಾಶೆ ಹುಡುಕಿದರು. 'ಮಾತುಕತೆ' ಎಂಬ ಹೆಸರಿನಲ್ಲಿ ಸಂಸ್ಥೆಯ ಸುದ್ದಿ ಮತ್ತು ಬರಹಗಳ ತ್ರೈಮಾಸಿಕವೂ ಹೊರಡುತ್ತ ಬಂತು. ಮಾವನ ಮನೆಯ ಅಟ್ಟದಲ್ಲಿ ಅದರ ಹಳೆಯ ಸಂಚಿಕೆಗಳ ಕಟ್ಟು ಇದೆ, ಅಲ್ಲಲ್ಲಿ ಗೆದ್ದಲು ರುಚಿ ನೋಡಿದೆ.

ಮಾವ ಎಳೆಯ ಪ್ರಾಯದಲ್ಲಿ ನಾಟಕಗಳಲ್ಲಿ ದೂತ, ಸೈನಿಕ, ಎರಡನೇ ಮಂತ್ರಿ ಹೀಗೆ ಸಣ್ಣಪುಟ್ಟ ವೇಷ ಹಾಕಿದವರು. ನೀವೆಲ್ಲ ಪುಕ್ಕಟೆ ದುಡಿದೇ ಸಂಸ್ಥೆ ಬೆಳೆಯಿತಲ್ಲವೇ ಎಂದು ಕೇಳಿದೆ. ಅವರಿಗೆ ಆ ಮಾತು ಅಷ್ಟಾಗಿ ರುಚಿಸಲಿಲ್ಲ.

"ಪುಕ್ಕಟೆ ಅಂತ ಯಾರು ಹೇಳಿದ್ದು? ನಾನು ತಾಲೀಮಿಗೆ ಹೋದ ದಿನ ನಮ್ಮನೆ ದನಕ್ಕೆ ಹುಲ್ಲು ಹಾಕಿದ್ದು ಪಕ್ಕದ ಮನೆಯವರು. ಅವರ ಮನೆ ಮದುವೆಗೆ ನಾನು ಮೂರು ದಿನ ಚಪ್ಪರ ಕಟ್ಟಿದೆ. ಮುಯ್ಯಾಳು ಅಂದ್ರೆ ಅದೇ. ಲೆಕ್ಕ ಬರೆದಿಡ್ತಿರಲಿಲ್ಲ, ಆದ್ರೆ ಲೆಕ್ಕ ಇತ್ತು."

ಮಲೆನಾಡಿನ ತೋಟಗಳಲ್ಲಿ ನಾಟಿ, ಕೊಯ್ಲು, ಸುಲಿತ ಎಲ್ಲ ಹೀಗೆ ಒಬ್ಬರಿಗೊಬ್ಬರು ಆಗಿಕೊಂಡೇ ನಡೆದದ್ದು. ಹಾಗೆಂದು ಇದನ್ನು ತೀರಾ ಹಾಡಿ ಹೊಗಳಬೇಕಾಗಿಲ್ಲ. ಮುಯ್ಯಿ ನಡೆಯುವುದು ಸರಿಸಮಾನರ ನಡುವೆ. ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವರಿಂದ ಒಡೆಯರು ಕಾಲಾಂತರದಿಂದ ತೆಗೆದುಕೊಂಡ ದುಡಿಮೆಗೆ ಮರಳಿ ಯಾವ ಮುಯ್ಯಿಯೂ ಬಂದಿರಲಿಲ್ಲ. ಇವತ್ತು ಮಾವನ ಅಂಗಳದಲ್ಲೂ ಸುಲಿಯಲು ಬಂದವರಲ್ಲಿ ಹೆಚ್ಚಿನವರಿಗೆ ಅಳತೆಯ ಮೇಲೆ ಕೂಲಿ. ಮುಯ್ಯಿಗೆ ಬಂದವರು ಇಬ್ಬರೇ, ಅವರೂ ನೆಂಟರು. ಕೆಲವು ಮನೆಗಳಿಗೆ ಸುಲಿಯುವ ಯಂತ್ರ ಬಂದಿದೆ. ಸದ್ದಿನಲ್ಲಿ ಮಾತು ಕೇಳುವುದಿಲ್ಲ ಎಂಬುದು ಅತ್ತೆಯ ಏಕೈಕ ತಕರಾರು.

ಕೊನೆಗೌಡ ಹೇಳಿದ ದಿನವೇ ಬಂದ. ಮರ ಹತ್ತಿ, ತುದಿಯಲ್ಲೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟಿ, ನೆಲಕ್ಕಿಳಿಯದೆ ಒಂದು ಸಾಲನ್ನೇ ಮುಗಿಸುವ ಕಸುಬು ಅದು. ಕೊಯ್ದ ಕೊನೆ ಹಗ್ಗದ ಮೇಲೆ ಜಾರುತ್ತ ಬಂದು ಕೆಳಗಿನವನ ಕೈಸೇರುತ್ತದೆ. ಹಗ್ಗ ಹಿಡಿಯುವುದೂ ಎಲ್ಲರಿಂದಾಗುವ ಕೆಲಸವಲ್ಲ. ಬಿಗಿ ತಪ್ಪಿದರೆ ಕೊನೆ ಮುಖಕ್ಕೇ ಬರುತ್ತದೆ. ಮರ ಹತ್ತುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಅದಕ್ಕೇ ಉದ್ದನೆಯ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ, ನೆಲದ ಮೇಲೆ ನಿಂತೇ ಕೊಯ್ಯಬಹುದು. ನನ್ನಂಥವರಿಗೆ ಉಳಿಯುವುದು ಉದುರಿದ ಕಾಯಿ ಹೆಕ್ಕುವುದು. ಬುಟ್ಟಿ ಹಿಡಿದು, ಸೊಂಟ ಬಗ್ಗಿಸಿ, ತರಗೆಲೆಯ ನಡುವೆ ಕೈಯಾಡಿಸುತ್ತ ಮಧ್ಯಾಹ್ನದವರೆಗೆ ಹೆಕ್ಕಿದೆ. ಊಟಕ್ಕೆ ಕೂತಾಗ ಅತ್ತೆ ಎರಡನೇ ಸಲ ತಂಬುಳಿ ಬಡಿಸುತ್ತ, "ನಿಂಗೆ ಕೂಲಿ ಇದೇ" ಎಂದರು.

ಸುಲಿದ ಅಡಿಕೆ ಹಂಡೆಗೆ ಹೋಗುತ್ತದೆ. ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಒಂದರ ಹಿಂದೊಂದು ಹಂಡೆ ಅಡಿಕೆ ಅದರಲ್ಲೇ ಬೆಂದು ನೀರು ಕಡುಗೆಂಪಾಗಿ ಮಂದವಾಗುತ್ತದೆ. ಅದು ಚೊಗರು. ಮಾರನೆಯ ದಿನ ಭೀಮನಕೋಣೆಗೆ ನಡೆದು ಹೋದಾಗ ಅದೇ ಬಣ್ಣ ಬಟ್ಟೆಯ ಮೇಲೆ ಕಂಡಿತು. ರಂಗನಿರ್ದೇಶಕ ಪ್ರಸನ್ನ ಅವರು ಊರಿನ ಹೆಣ್ಣುಮಕ್ಕಳ ಜೊತೆ ಕಟ್ಟಿದ ಚರಕ ಸಹಕಾರ ಸಂಘ ಇರುವುದು ಅಲ್ಲಿ. ಕೈಮಗ್ಗದ ಬಟ್ಟೆಗೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿಯಂಥ ಸಸ್ಯಮೂಲದ ಬಣ್ಣ ಕಟ್ಟುತ್ತಾರೆ. ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡವೆಂದು 2017ರಲ್ಲಿ ಪ್ರಸನ್ನ ನಡೆಸಿದ ಸತ್ಯಾಗ್ರಹ ನೆನಪಿರುವವರಿಗೆ ಈ ಹೆಸರು ಹೊಸದಲ್ಲ. ಒಂದು ಜುಬ್ಬಾ ಕೊಂಡೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಶನಿವಾರ ಶಾಲೆಯ ಹತ್ತಿರ ಹದಿನೈದು ಜನ ಸೇರಿದ್ದರು. ಅದರಲ್ಲಿ ಹೊರಗಿನಿಂದ ಬಂದ ಇಬ್ಬರು ಕಾಲೇಜು ಹುಡುಗರು, ಹಾಜರಾತಿಗೋ ಅಂಕಕ್ಕೋ ಸಮಾಜಸೇವೆಯ ಸರ್ಟಿಫಿಕೇಟು ಬೇಕಾದವರು. ಒಳ್ಳೆಯ ಹುಡುಗರೇ. ಅರ್ಧ ಗಂಟೆ ಕತ್ತಿ ಬೀಸಿ, ಒಂದಿಷ್ಟು ಫೋಟೋ ತೆಗೆದು, ಯಾರು ಸಹಿ ಹಾಕುತ್ತಾರೆ ಎಂದು ಕೇಳಿದರು. ಶಾಲಾಭಿವೃದ್ಧಿ ಸಮಿತಿಯವರೊಬ್ಬರು ಯೋಚಿಸಿ, "ಸಹಿ ಹಾಕೋದು ದೊಡ್ಡದಲ್ಲ ಮಾರಾಯ್ರೆ. ಸೋಮವಾರದಿಂದ ಒಂದು ತಿಂಗಳು ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀರಾ? ಫೋನಿನಲ್ಲೇ ಆದರೂ ಆದೀತು" ಎಂದರು. ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ನಂಬರು ಬರೆದುಕೊಂಡ. ಉಳಿದದ್ದು ಅವನಿಗೇ ಬಿಟ್ಟದ್ದು.

ನನ್ನ ಅಭಿಪ್ರಾಯ ಕೇಳಿದರೆ, ಎರಡು ದಿನಕ್ಕೆ ಬಂದವರಿಗೆ ಹಳ್ಳಿಯನ್ನು ಉದ್ಧಾರ ಮಾಡುವ ಕೆಲಸ ಯಾವುದೂ ಇಲ್ಲ. ಗೋಡೆಗೆ ಚಿತ್ರ ಬರೆಯಲು ಬಂದ ತಂಡಕ್ಕೆ ಅಡುಗೆ ಮಾಡುವುದರಲ್ಲೇ ಮನೆಯವರ ಕೊಯ್ಲಿನ ದಿನ ಕಳೆದುಹೋಗುತ್ತದೆ. ಊರಿನವರನ್ನೇ ಕೇಳಿದರೆ ಸಿಗುವ ಉತ್ತರಗಳು ತೀರಾ ಸಾದಾ. ಪಂಚಾಯಿತಿ ಗ್ರಂಥಾಲಯಗಳೀಗ ಅರಿವು ಕೇಂದ್ರಗಳಾಗಿವೆ. ಅಲ್ಲಿಗೆ ಮಕ್ಕಳ ಪುಸ್ತಕ ಬೇಕು. ಮನೆಯಲ್ಲಿ ದೂಳು ತಿನ್ನುತ್ತಿರುವ ಹಳೆಯ ಗೈಡುಗಳನ್ನು ಕಳಿಸಬೇಡಿ. ಎಲೆಚುಕ್ಕೆ ರೋಗದ ಬಗ್ಗೆ ತಿಳಿದವರಿದ್ದರೆ ಬಂದು ತೋಟ ನೋಡಿ. ಶಿಬಿರಕ್ಕೆ ಬರುವುದಾದರೆ ದುಡ್ಡು ಕಟ್ಟಿ ಬನ್ನಿ, ಕೊನೆತನಕ ಕೂತುಕೊಳ್ಳಿ.

ಇನ್ನೊಂದು ಕೆಲಸವನ್ನು ಮಾವ ರೈಲಿಗೆ ಬಿಡಲು ಬರುವಾಗ ಹೇಳಿದರು. ಶಿಬಿರ ಮುಗಿದ ಮೇಲೆ ತಿರುಗಾಟದ ತಂಡ ಸೆಟ್ಟು, ದೀಪ, ವೇಷಭೂಷಣ ಎಲ್ಲ ಗಾಡಿಗೆ ಹೇರಿಕೊಂಡು ಕರ್ನಾಟಕ ಸುತ್ತುತ್ತದೆ. ನಾನು ಊರಿನಲ್ಲಿದ್ದಷ್ಟು ದಿನ ನಟರೆಲ್ಲ ಇನ್ನಾವುದೋ ಊರಿನಲ್ಲಿದ್ದರು. ಹೋದಲ್ಲೆಲ್ಲ ಅಲ್ಲಿನವರೇ ಮುಂದೆ ನಿಂತು ವೇದಿಕೆ ಗೊತ್ತುಮಾಡಿ, ತಂಡಕ್ಕೆ ಊಟ ವಸತಿ ನೋಡಿಕೊಂಡು, ಜನ ಸೇರಿಸಿದರೆ ಮಾತ್ರ ಆಟ. ಊರಿಗೆ ನಾಲ್ಕು ಜನ ಅಂಥವರಿಲ್ಲದಿದ್ದರೆ ಗಾಡಿ ಆ ಊರನ್ನು ಬಿಟ್ಟು ಮುಂದೆ ಹೋಗುತ್ತದೆ. "ನೀನು ಅಡಿಕೆ ಹೆಕ್ಕಿದ್ದು ಸಾಕು, ನಿಮ್ಮೂರಲ್ಲಿ ಒಂದು ಆಟ ಮಾಡ್ಸು" ಎಂದರು.

ತುಮಕೂರಿಗೆ ಬಂದು ಗೆಳೆಯರ ಮುಂದೆ ಇಟ್ಟೆ. ಮೊದಲು ಎಲ್ಲರೂ ತಲೆಯಾಡಿಸಿದರು, ಖರ್ಚಿನ ಮಾತು ಬಂದಾಗ ಇಬ್ಬರು ಫೋನು ನೋಡತೊಡಗಿದರು. ಹೈಸ್ಕೂಲು ಮೇಷ್ಟ್ರೊಬ್ಬರು ಸಭಾಂಗಣದ ಬಾಡಿಗೆ ವಿಚಾರಿಸಲು ಒಪ್ಪಿದ್ದಾರೆ. ಟಿಕೆಟ್ಟು ಇಡಬೇಕೋ ಬೇಡವೋ ಎಂಬ ಜಗಳ ಬಗೆಹರಿದಿಲ್ಲ. ನಾನು ಇಡಬೇಕೆನ್ನುವ ಕಡೆ. ಫೆಬ್ರವರಿಗೆ ಬಿಟ್ಟರೆ ಪರೀಕ್ಷೆ ಹತ್ತಿರ ಬಂದು ಮಕ್ಕಳೂ ಬರುವುದಿಲ್ಲ, ಮಕ್ಕಳ ಅಪ್ಪ ಅಮ್ಮಂದಿರೂ ಬರುವುದಿಲ್ಲ. ಹಾಗಾಗಿ ಮುಂದಿನ ತಿರುಗಾಟಕ್ಕೆ ಡಿಸೆಂಬರಿನ ತಾರೀಖನ್ನೇ ಕೇಳಿ ಬರೆಯುವುದೆಂದು ಸದ್ಯಕ್ಕೆ ಆಗಿದೆ.