ಎಷ್ಟು ಕೆಜಿ ಇಳಿಸಿದ್ರಿ ಅಂತ ಕೇಳೋರಿಗೆಲ್ಲ ಒಂದೇ ಸಲ ಉತ್ತರ

ಜೋರಾಗಿ ಓಡ್ಲಿ ಅಂತ ನನ್ನ ಕಾರಿಂದ ಇಳಿಸಿದ್ದು 175 ಕೆಜಿ. ಸಿಕ್ತಲ್ಲ ಉತ್ತರ. ಇದೊಂದನ್ನ ಕೇಳೋಕೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡೋರು, ಮದುವೆ ಊಟದ ಪಂಕ್ತಿಲಿ ಪಕ್ಕದ ಎಲೆಯಿಂದ ಬಗ್ಗಿ ಕೇಳೋರು, ಪೆಟ್ರೋಲ್ ಬಂಕಲ್ಲಿ ಬೈಕ್ ಅಡ್ಡ ಹಾಕಿ ಕೇಳೋರು, ಇನ್ಮೇಲೆ ದಯವಿಟ್ಟು ಇದನ್ನ ಓದ್ಕೊಳಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅಲ್ಲದೆ ಬಾಯಲ್ಲಿ ಹೇಳಿದ್ದನ್ನ ಯಾರೂ ಪೂರ್ತಿ ಕೇಳಿಸ್ಕೊಳಲ್ಲ, ನಂಬರ್ ಕಿವಿಗೆ ಬಿದ್ದ ತಕ್ಷಣ "ಓ ಅಷ್ಟೇನಾ" ಅಂತಾನೋ "ಅಯ್ಯೋ ಅಷ್ಟೊಂದಾ" ಅಂತಾನೋ ಹೇಳಿ ಎದ್ದು ಹೋಗ್ತಾರೆ.

ಗೊತ್ತಿಲ್ಲದೋರಿಗೆ ಎರಡು ಮಾತು. ತುಮಕೂರಲ್ಲಿ ನಮ್ಮ ಮನೆ ಹಿಂದಿನ ಶೆಡ್ಡಲ್ಲಿ ಒಂದು ಹಳೇ ಮಾರುತಿ ಎಸ್ಟೀಮ್ ಇದೆ, 1.3 ಲೀಟರ್, 16 ವಾಲ್ವ್, 85 ಬಿಎಚ್‌ಪಿದು. ಮೂರು ವರ್ಷದಿಂದ ಅದನ್ನ ಡ್ರ್ಯಾಗ್ ಕಾರ್ ಮಾಡ್ತಿದೀನಿ. ಡ್ರ್ಯಾಗ್ ಅಂದ್ರೆ 402 ಮೀಟರ್ ನೇರ ರಸ್ತೆ, ತಿರುವಿಲ್ಲ, ನಿಂತಲ್ಲಿಂದ ಹೊರಟು ಯಾರು ಮೊದಲು ಮುಟ್ಟುತ್ತಾರೆ ಅನ್ನೋದು. ಅಮೆರಿಕದಲ್ಲಿ 1950ರಲ್ಲಿ ಸಾಂತಾ ಆನಾ ಅನ್ನೋ ಊರಿನ ವಿಮಾನದ ರನ್‌ವೇ ಮೇಲೆ ಟಿಕೆಟ್ ಇಟ್ಟು ಶುರು ಮಾಡಿದ್ರು, ನಮ್ಮಲ್ಲೂ ಲೋಣಾವಳ ಹತ್ರ ಆಂಬಿ ವ್ಯಾಲಿಲಿ ವ್ಯಾಲಿ ರನ್ ಅಂತ ಆಗಿದ್ದು ಏರ್‌ಸ್ಟ್ರಿಪ್ ಮೇಲೇನೇ. ನನ್ನ ಕಾರು ರೋಡಿಗೆ ಇಳಿಯಲ್ಲ. ಗಾಡಿನ ಹೀಗೆ ಬದಲಾಯಿಸಿ ರೋಡಲ್ಲಿ ಓಡಿಸೋದು ಮೋಟಾರು ವಾಹನ ಕಾಯ್ದೆ ಕಲಂ 52ರ ಪ್ರಕಾರ ತಪ್ಪು, ಅದಕ್ಕೆ ಎಲ್ಲಿಗೆ ಹೋದ್ರೂ ಟೋಯಿಂಗ್ ಲಾರಿ ಮೇಲೆ ಹತ್ತಿಸ್ಕೊಂಡೇ ಹೋಗೋದು.

ಇನ್ನು ಪ್ರಶ್ನೆಗೆ ಬರ್ತೀನಿ. ಪ್ರಶ್ನೆಗಿಂತ ಅದನ್ನ ಕೇಳೋ ರೀತಿ ನನಗೆ ತಡೆಯೋಕಾಗಲ್ಲ. ಹೋದ ವರ್ಷ ನಮ್ಮ ಅಕ್ಕನ ಮಗುವಿನ ನಾಮಕರಣ. ಎಲೆ ಮುಂದೆ ಕೂತಿದೀನಿ, ಹೋಳಿಗೆ ಮೇಲೆ ತುಪ್ಪ ಈಗ ತಾನೇ ಬಿದ್ದಿದೆ, ಎದುರು ಸಾಲಿಂದ ದೊಡ್ಡಪ್ಪ ಗಟ್ಟಿಯಾಗಿ, "ಏನೋ, ಓಡೋ ಕಾರನ್ನ ಕಿತ್ತು ಬಿಸಾಕಿದ್ಯಂತೆ, ಎಷ್ಟು ಕೆಜಿ ಬಂತು, ಗುಜರಿಯೋನು ಕೆಜಿಗೆ ಎಷ್ಟು ಕೊಟ್ಟ?" ಅಂದ್ರು. ಇಡೀ ಪಂಕ್ತಿ ನಕ್ಕಿತು, ಬಡಿಸೋರೂ ನಕ್ಕರು. ದೊಡ್ಡಪ್ಪ ಕೆಟ್ಟೋರಲ್ಲ, ನನಗೆ ಮೊದಲು ಸ್ಕೂಟರ್ ಓಡಿಸೋಕೆ ಕಲಿಸಿದ್ದೇ ಅವರು. ಆದ್ರೆ ಆ "ಕಿತ್ತು ಬಿಸಾಕಿದ್ಯಂತೆ" ಅನ್ನೋ ಮಾತು ಗಂಟಲಲ್ಲಿ ಮುಳ್ಳಿನ ತರ ಕೂತ್ಕೊಂಡುಬಿಡ್ತು. ಹಿರಿಯರ ಎದುರು ಏನನ್ನೋದು, ಸುಮ್ನೆ ಊಟ ಮಾಡಿ ಎದ್ದೆ. ಅವತ್ತು ಹೇಳದೇ ಇದ್ದಿದ್ದನ್ನ ಈಗ ಹೇಳ್ತೀನಿ.

ದೊಡ್ಡಪ್ಪಾ, ಒಂದು ಬೋಲ್ಟನ್ನೂ ಬಿಸಾಕಿಲ್ಲ. ನನ್ನ ಹತ್ರ 200 ಪೇಜಿನ ನೋಟ್‌ಬುಕ್ ಇದೆ. ಮೊದಲನೇ ಸಾಲು, ಸ್ಟೆಪ್ನಿ, ಜಾಕು, ಹ್ಯಾಂಡಲ್, ಒಟ್ಟು 15 ಕೆಜಿ. ನಮ್ಮ ಮನೇಲಿ ಹುಣಸೆಹಣ್ಣು ತೂಗೋಕೆ ಇಟ್ಟಿರೋ ಕೊಕ್ಕೆ ತಕ್ಕಡಿ ಇದೆಯಲ್ಲ, ಶೆಡ್ಡಿನ ತೊಲೆಗೆ ಅದನ್ನ ಕಟ್ಟಿ ಒಂದೊಂದೇ ಸಾಮಾನು ನೇತು ಹಾಕಿ ತೂಗಿದೀನಿ. ಹಿಂದಿನ ಸೀಟು 17. ಎಸಿ ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್, ಪೈಪು ಎಲ್ಲ ಸೇರಿ 24. ಪವರ್ ಸ್ಟೀರಿಂಗ್ 8. ಬಾನೆಟ್ಟು, ಡಿಕ್ಕಿ ಬಾಗಿಲು ಫೈಬರ್‌ದು ಮಾಡಿಸಿದ್ದಕ್ಕೆ ಇಳಿದಿದ್ದು 16. ಬಾಗಿಲ ಗಾಜು ತೆಗೆದು ಪಾಲಿಕಾರ್ಬನೇಟ್ ಹಾಕಿದೆ, ಅದು ಅಷ್ಟೇ ದಪ್ಪದ ಗಾಜಿನ ಅರ್ಧ ತೂಕಾನೂ ಇರಲ್ಲ, ಒಡೆದ್ರೂ ಚೂರಾಗಿ ಮುಖಕ್ಕೆ ಎರಚಲ್ಲ, ಗಾಜು ಏರಿಸೋ ಮಷಿನ್ ಸಮೇತ 20 ಕೆಜಿ ಹೋಯ್ತು. ಮುಂದಿನ ಗಾಜು ಮಾತ್ರ ಕಂಪನಿದೇ ಇದೆ. ತೆಗೆದಿದ್ದೆಲ್ಲ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ, ಯಾವ ಬೋಲ್ಟು ಯಾವ ತೂತಿಂದು ಅಂತ ಚೀಟಿ ಅಂಟಿಸಿದೀನಿ.

ಎಲ್ಲಕ್ಕಿಂತ ಜಾಸ್ತಿ ದಿನ ತಿಂದಿದ್ದು ಡಾಂಬರ್ ಶೀಟು. ಕಾರಿನ ಫ್ಲೋರಿಗೆ ಸದ್ದು ಬರದೇ ಇರ್ಲಿ ಅಂತ ಕಂಪನಿಯೋರು ಕಪ್ಪು ಶೀಟು ಅಂಟಿಸಿರ್ತಾರೆ, ಮ್ಯಾಟ್ ಕೆಳಗೆ ಇರೋದ್ರಿಂದ ಯಾರ ಕಣ್ಣಿಗೂ ಬೀಳಲ್ಲ. ಉಳಿ ಹಾಕಿ ಎಬ್ಬಿಸಿದ್ರೆ ಬೆಲ್ಲದ ಪಾಕದ ತರ ಅಂಟ್ಕೊಂಡು ಬರುತ್ತೆ, ಫ್ಲೋರ್ ತಗಡಿಗೂ ಏಟು ಬೀಳುತ್ತೆ. ಅದಕ್ಕೆ ಡ್ರೈ ಐಸ್ ತಂದೆ, ಅದು ಮೈನಸ್ 78 ಡಿಗ್ರಿ, ಕೈಗೆ ದಪ್ಪ ಗ್ಲೌಸ್ ಹಾಕಿ, ನಾಲ್ಕೂ ಬಾಗಿಲು ತೆಗೆದಿಟ್ಟು (ಮುಚ್ಚಿದ ಜಾಗದಲ್ಲಿ ಅದರ ಗ್ಯಾಸು ಉಸಿರು ಕಟ್ಟಿಸುತ್ತೆ, ಯಾರೂ ಹುಡುಗಾಟಕ್ಕೆ ಮಾಡಬೇಡಿ) ಶೀಟಿನ ಮೇಲೆ ಹರಡಿ ಹತ್ತು ನಿಮಿಷ ಬಿಟ್ಟೆ. ಹೊಗೆ ಫ್ಲೋರ್ ಮೇಲೆ ತೆವಳ್ಕೊಂಡು ಬಾಗಿಲಿಂದ ಆಚೆ ಸುರೀತಿತ್ತು, ಒಳಗಿಂದ ಟಿಕ್ ಟಿಕ್ ಅಂತ ಸದ್ದು, ಶೀಟು ತಾನೇ ಬಿರುಕು ಬಿಡ್ತಾ ಇತ್ತು. ರಬ್ಬರ್ ಸುತ್ತಿಗೇಲಿ ಮೆಲ್ಲಗೆ ತಟ್ಟಿದ್ರೆ ಸಾಕು, ಹಪ್ಪಳದ ತರ ಪುಡಿ ಪುಡಿ. ಅಮ್ಮ ಬಾಗಿಲ ಹತ್ರ ನಿಂತು ನೋಡ್ತಾ ಇದ್ದೋರು ಒಳಗೆ ಹೋಗಿ ಹಳೇ ಮೊರ ತಂದು ಚೂರೆಲ್ಲ ಬಾಚಿ ಚೀಲಕ್ಕೆ ತುಂಬಿ ತಾವೇ ತಕ್ಕಡಿಗೆ ಹಾಕಿದ್ರು. "ಒಂಬತ್ತು ಕೆಜಿ ಕಣೋ, ಬರ್ಕೋ" ಅಂದ್ರು. ನೋಟ್‌ಬುಕ್ಕಲ್ಲಿ ಆ ಸಾಲು ಅಮ್ಮನ ಅಕ್ಷರದಲ್ಲಿದೆ. ಇದನ್ನ ಬಿಸಾಕೋದು ಅಂತ ಕರೀತೀರಾ?

"ಇಷ್ಟೆಲ್ಲ ಒದ್ದಾಡೋ ಬದಲು ಟರ್ಬೋ ಹಾಕ್ಬಹುದಿತ್ತಲ್ಲ" ಅನ್ನೋರಿಗೆ. ಹಾಕ್ತೀನಿ, ಆಮೇಲೆ. ಪವರ್ ಜಾಸ್ತಿ ಮಾಡಿದ್ರೆ ಕ್ಲಚ್ ಸಾಲಲ್ಲ, ಗೇರ್‌ಬಾಕ್ಸ್ ತಡೆಯಲ್ಲ, ಆಕ್ಸೆಲ್ ಮುರಿಯುತ್ತೆ, ಒಂದಕ್ಕೊಂದು ಖರ್ಚು ಹೆತ್ತುಕೊಂಡು ಹೋಗುತ್ತೆ. ತೂಕ ಇಳಿಸಿದ್ರೆ ಅದೇ ಕ್ಲಚ್ಚಿಗೆ ಕೆಲಸ ಕಮ್ಮಿ, ಅದೇ ಬ್ರೇಕಿಗೆ ಕೆಲಸ ಕಮ್ಮಿ. ಲೆಕ್ಕ ಬೇಕಾ? 402 ಮೀಟರ್ ಟೈಮು ತೂಕ-ಪವರ್ ಅನುಪಾತದ ಘನಮೂಲದ ಹಾಗೆ ಬದಲಾಗುತ್ತೆ ಅಂತ ಡ್ರ್ಯಾಗ್ ಮಾಡೋರೆಲ್ಲ ಉಪಯೋಗಿಸೋ ಒಂದು ಸೂತ್ರ ಇದೆ, ಅಂದ್ರೆ ತೂಕ ಶೇಕಡ 3 ಇಳಿದ್ರೆ ಟೈಮು ಹೆಚ್ಚುಕಮ್ಮಿ ಶೇಕಡ 1 ಇಳಿಯುತ್ತೆ. ಅಮೆರಿಕದೋರು 45 ಕೆಜಿಗೆ 0.1 ಸೆಕೆಂಡ್ ಅಂತಾರೆ, ಅದು ಅವರ ಒಂದೂವರೆ ಟನ್ನಿನ ದೊಡ್ಡ ಗಾಡಿಗಳ ಲೆಕ್ಕ. ನಮ್ಮ ಎಸ್ಟೀಮ್ ತರದ ಹಗುರ ಗಾಡೀಲಿ ಅದೇ 45 ಕೆಜಿ ಅದರ ಎರಡರಷ್ಟಕ್ಕೂ ಜಾಸ್ತಿ ಕೊಡುತ್ತೆ. ನಾನು ಇಂಜಿನ್ ಮುಟ್ಟಿಲ್ಲ, ಟೈರೂ ಅದೇ, ಮೊದಲು 18.1 ಸೆಕೆಂಡ್ ಬರ್ತಿದ್ದಿದ್ದು ಈಗ 17.2. ಮುಕ್ಕಾಲು ಸೆಕೆಂಡ್ ಒಂದು ಸೆಕೆಂಡಿಗೆ ಇಷ್ಟೆಲ್ಲಾನಾ ಅಂತ ಮೂಗು ಮುರೀಬೇಡಿ, ಗೆರೆ ಹತ್ರ ಕಾರು ಗಂಟೆಗೆ 120 ದಾಟಿರುತ್ತೆ, ಆ 0.9 ಸೆಕೆಂಡ್ ಅಂದ್ರೆ ಸುಮಾರು 30 ಮೀಟರ್, ಎಸ್ಟೀಮ್‌ಗಳನ್ನ ಸಾಲಾಗಿ ನಿಲ್ಲಿಸಿದ್ರೆ ಏಳೆಂಟು ಕಾರಿನುದ್ದ.

ಇಲ್ಲಿಗೆ ಬಂದಮೇಲೆ ಹೇಳ್ಬೇಕು, ಎಷ್ಟು ಇಳಿಸಿದ್ರಿ ಅಂತ ಕೇಳೋರು ಎಲ್ಲಿಂದ ಇಳಿಸಿದ್ರಿ ಅಂತ ಯಾಕೆ ಕೇಳಲ್ಲ? ಎಸ್ಟೀಮ್ ಫ್ರಂಟ್ ವೀಲ್ ಡ್ರೈವ್, ಎಳೆಯೋದು ಮುಂದಿನ ಚಕ್ರ. ಎಪಿಎಂಸಿ ಯಾರ್ಡ್ ಕಡೆ ವೇಬ್ರಿಡ್ಜಿಗೆ ಕಾರು ತಗೊಂಡು ಹೋಗಿ ಮೊದಲು ಪೂರ್ತಿ ಹತ್ತಿಸಿ ತೂಗಿಸಿದೆ, ಆಮೇಲೆ ಮುಂದಿನ ಎರಡು ಚಕ್ರ ಮಾತ್ರ ಪ್ಲಾಟ್‌ಫಾರಂ ಮೇಲೆ ಇಟ್ಟು ತೂಗಿಸಿದೆ. ಸ್ಲಿಪ್ ಕೊಡೋರು "ಲೋಡ್ ಏನು ಸಾರ್?" ಅಂದ್ರು, ಏನಿಲ್ಲಣ್ಣ ಖಾಲಿ ಅಂದೆ, ಎದ್ದು ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ ಹೋಗಿ ಇನ್ನೊಂದು ಸ್ಲಿಪ್ ಕೊಟ್ರು, ಎರಡನೇದಕ್ಕೆ ಕಾಸು ತಗೊಳ್ಳಲಿಲ್ಲ. ಪೂರ್ತಿ 880, ಮುಂದೆ 545. ಎಲ್ಲ ತೆಗೆದಮೇಲೆ ಟೋಯಿಂಗ್ ಲಾರೀಲಿ ಹೋಗಿ ಇಳಿಸಿ ಮತ್ತೆ ತೂಗಿಸಿದಾಗ 705, ಮುಂದೆ 470. ಅಂದ್ರೆ ಹಿಂದಿಂದ ಜಾಸ್ತಿ ಹೋಗಿದೆ, ನನಗೆ ಬೇಕಾಗಿದ್ದೇ ಅದು. ಕಾರು ನಿಂತಲ್ಲಿಂದ ನೆಗೆದಾಗ ಭಾರ ಹಿಂದಕ್ಕೆ ವಾಲುತ್ತೆ, ನನ್ನ ಲೆಕ್ಕದಲ್ಲಿ ಮುಂದಿನ ಚಕ್ರದ ಮೇಲಿಂದ 70 ಕೆಜಿ ಹತ್ರ ಹಿಂದಕ್ಕೆ ಹೋಗುತ್ತೆ, ಬೇಕಾದ ಹೊತ್ತಲ್ಲೇ ಹಿಡಿತ ತಪ್ಪಿ ಟೈರ್ ಸುಮ್ನೆ ಗಿರಗಿರ ತಿರುಗುತ್ತೆ. ಅದಕ್ಕೆ ಬ್ಯಾಟರಿ ತೆಗೆದು ಡಿಕ್ಕಿಗೆ ಹಾಕ್ರಿ ಅಂತ ನನಗೆ ವೀಡಿಯೋ ಕಳಿಸೋರು ಮೊದಲು ಆ ವೀಡಿಯೋದಲ್ಲಿರೋ ಕಾರಿನ ಯಾವ ಚಕ್ರ ತಿರುಗ್ತಿದೆ ಅಂತ ನೋಡಿ. ಹಿಂದಿನ ಚಕ್ರ ತಳ್ಳೋ ಗಾಡಿಗೆ ಅದು ಸರಿ. ನನ್ನ ಗಾಡಿಗೆ ಬ್ಯಾಟರಿ ಇರೋ ಜಾಗದಲ್ಲೇ ಇರ್ಬೇಕು.

ಈಗ ನಾನು ಕಾಯ್ತಾ ಇರೋ ಪ್ರಶ್ನೆ. ಎಷ್ಟು ಕೆಜಿ ವಾಪಸ್ ಹಾಕಿದ್ರಿ?

ಮೂರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. 45. ಅದರಲ್ಲಿ 40 ರೋಲ್ ಕೇಜು, ಅಂದ್ರೆ ಕಾರು ಮಗುಚಿದ್ರೆ ಒಳಗಿರೋರನ್ನ ಕಾಯೋ ಉಕ್ಕಿನ ಪೈಪಿನ ಪಂಜರ. ಸೀಮ್‌ಲೆಸ್ ಪೈಪು, ತಲೆ ಹಿಂದಿನ ಕಮಾನು 45 ಮಿಲಿಮೀಟರ್, ಉಳಿದಿದ್ದೆಲ್ಲ 38, ದಪ್ಪ 2.5. ಮೀಟರಿಗೆ ಎರಡು ಎರಡೂವರೆ ಕೆಜಿ ತೂಗುತ್ತೆ, ಒಟ್ಟು 16 ಮೀಟರ್ ಹತ್ರ ಹೋಯ್ತು, ಮೇಲೆ ಪ್ಲೇಟುಗಳು. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋ ನನ್ನ ಗೆಳೆಯ ಭಾನುವಾರ ಭಾನುವಾರ ಬಂದು ವೆಲ್ಡಿಂಗ್ ಮಾಡಿದ್ದು. ಉಳಿದ ಐದು ಕೆಜಿ ಬೆಲ್ಟು ಮತ್ತೆ ಬೆಂಕಿ ಆರಿಸೋ ಸಿಲಿಂಡರ್. "175 ಇಳಿಸಿ 45 ಹಾಕಿದ್ರೆ ಏನು ಬಂತು ಬ್ರೋ" ಅಂತಾರೆ. ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ನಡೆಸೋ ಎನ್‌ಎಚ್‌ಆರ್‌ಎ ಸಂಸ್ಥೆ ರೂಲಲ್ಲಿ 11.49 ಸೆಕೆಂಡಿಗೆ ಬಂದಮೇಲೆ ತಾನೇ ರೋಲ್ ಬಾರ್ (ತಲೆ ಹಿಂದಿನ ಕಮಾನು) ಕಡ್ಡಾಯ, ನಿಂದು 17 ಅಂತ ರೂಲ್ ಬುಕ್ ತೋರಿಸಿದೋರೂ ಇದಾರೆ. ರೂಲು ಅವರ ಟ್ರ್ಯಾಕಿಗೆ ಬರೆದಿದ್ದು, ಅಲ್ಲಿ ಎರಡೂ ಕಡೆ ಗೋಡೆ, ಮುಂದೆ ನಿಲ್ಲಿಸೋಕೆ ಉದ್ದದ ಜಾಗ. ನಾನು ಓಡಿಸಿರೋ ಏರ್‌ಸ್ಟ್ರಿಪ್ಪಲ್ಲಿ ಟಾರು ಮುಗಿದ ಕಡೆ ಮಣ್ಣು, ಮಣ್ಣಾದ ಮೇಲೆ ಚರಂಡಿ. 120ರಲ್ಲಿ ಒಂದು ಚಕ್ರ ಮಣ್ಣಿಗೆ ಇಳಿದ್ರೆ ಕಾರು ಮಗುಚುತ್ತೆ, ಕೇಜ್ ಇಲ್ಲದಿದ್ರೆ ಆಗ ನನ್ನ ತಲೆ ಮೇಲೆ ಇರೋದು ಒಂದು ಪದರ ತಗಡು.

ಇದನ್ನ ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ಮೂರು ತಿಂಗಳ ಹಿಂದೆ ಒಬ್ಬ ಹುಡುಗ ಮನೆಗೇ ಬಂದಿದ್ದ, ಕಾಲೇಜು ಮುಗಿಸಿದೋನು, ಒಳ್ಳೇ ಹುಡುಗ, ಕಣ್ಣಲ್ಲಿ ಆಸೆ ಇತ್ತು. "ಅಣ್ಣ, ಡೋರ್ ಬೀಮ್ ಕಟ್ ಮಾಡಿದ್ರೆ ಎಷ್ಟು ಇಳಿಯುತ್ತೆ?" ಅಂದ. ಬಾಗಿಲೊಳಗೆ ಅಡ್ಡಕ್ಕೆ ಒಂದು ಉಕ್ಕಿನ ಕೊಳವೆ ಇರುತ್ತೆ, ಪಕ್ಕದಿಂದ ಗಾಡಿ ಗುದ್ದಿದ್ರೆ ಒಳಗಿರೋರ ಸೊಂಟ, ಪಕ್ಕೆಲುಬು ಉಳಿಸೋದು ಅದು. ಯಾಕಪ್ಪ ಅಂದೆ. ಗೇಟ್ ಹತ್ರ ಅವನ ಕಾರು ನಿಂತಿತ್ತು, ಒಂದು ಹಳೇ ಹ್ಯಾಚ್‌ಬ್ಯಾಕು, ಬಾಗಿಲು ತೆಗೆದು ತೋರಿಸಿದ. ಎಡಗಡೆ ಬಾಗಿಲಿಂದು ಆಗಲೇ ಗ್ರೈಂಡರ್ ಹಾಕಿ ಕತ್ತರಿಸಿದಾನೆ, ಕತ್ತರಿಸಿದ ತುದಿ ಇನ್ನೂ ತುಕ್ಕು ಹಿಡಿದಿರಲಿಲ್ಲ, ಹೊಳೀತಿತ್ತು. ಬಲಗಡೆದು ಕತ್ತರಿಸೋಕೆ ಮುಂಚೆ ಕೇಳೋಣ ಅಂತ ಬಂದಿದಾನೆ. ಇದರಲ್ಲಿ ಯಾರನ್ನ ಕೂರಿಸ್ಕೊಂಡು ಓಡಾಡ್ತೀಯ ಅಂತ ಕೇಳಿದೆ. ದಿನಾ ಬೆಳಿಗ್ಗೆ ತಂಗೀನ ಕಾಲೇಜಿಗೆ ಬಿಡ್ತೀನಿ ಅಂದ. ಎಡಗಡೆ ಸೀಟಲ್ಲಿ.

ನಾನು ಅವತ್ತು ಅವನಿಗೆ ಬೈದೆ, ಬೈದಿದ್ದಕ್ಕೆ ಬೇಜಾರಿಲ್ಲ. ಅವನು ಬೆರಳಲ್ಲಿ ಆ ತುದಿ ಸವರ್ತಾ ನಿಂತಿದ್ದ. "ನಿಮ್ಮ ಕಾರು ನೋಡಿನೇ ಅಣ್ಣ ಮಾಡಿದ್ದು" ಅಂದ. ನನ್ನ ಕಾರಲ್ಲಿ ನಾಲ್ಕೂ ಬಾಗಿಲ ಬೀಮು ಹಾಗೇ ಇದೆ, ಅದರ ಒಳಗೆ ಕೇಜಿನ ಅಡ್ಡ ಪೈಪೂ ಇದೆ. ಅವನಿಗೆ ಅದು ಯಾರೂ ಹೇಳಿರಲಿಲ್ಲ, ಅವನ ಕಿವಿಗೆ ಬಿದ್ದಿದ್ದು 175 ಅನ್ನೋ ನಂಬರ್ ಮಾತ್ರ. ಕತ್ತರಿಸಿದ ತುಂಡು ತೂಗಿದ್ಯಾ ಅಂದೆ, ಇಲ್ಲ ಅಂದ. ಡಿಕ್ಕಿಲಿತ್ತು, ತಂದು ಕೊಕ್ಕೆಗೆ ಹಾಕಿದೆ. ಒಂದು ಕೆಜಿ ಏಳುನೂರು ಗ್ರಾಂ. ಅವನ ಗಾಡಿ ಟ್ಯಾಂಕಲ್ಲಿ ಎರಡೂಕಾಲು ಲೀಟರ್ ಪೆಟ್ರೋಲ್ ಕಮ್ಮಿ ಇದ್ರೆ ಅಷ್ಟು ಇಳಿಯುತ್ತೆ.

ಕತ್ತರಿಸಿದ್ದನ್ನ ಮತ್ತೆ ವೆಲ್ಡ್ ಮಾಡಿದ್ರೆ ಮೊದಲಿನ ಗಟ್ಟಿತನ ಬರಲ್ಲ, ಆ ಉಕ್ಕು ಬೇರೆ ತರದ್ದು. ಹಾಗಾಗಿ ಮುಂದಿನ ಭಾನುವಾರ ಇಬ್ರೂ ಬೆಂಗಳೂರು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದ್ವಿ, ಅದೇ ಮಾಡೆಲ್ಲಿನ ಏಟು ಬೀಳದ ಎಡಗಡೆ ಬಾಗಿಲು ಹುಡುಕೋಕೆ ಮಧ್ಯಾಹ್ನ ಆಯ್ತು. ಕಲರ್ ಮ್ಯಾಚ್ ಆಗಲ್ಲ, ಅವನದು ಬಿಳಿ, ಸಿಕ್ಕಿದ್ದು ಕೆಂಪು. ಕೂರಿಸಿದೀವಿ. ಬಾಗಿಲು ಹಾಕಿದಾಗ ಈಗ ಡಬ್ ಅಂತ ತುಂಬಿದ ಸದ್ದು ಬರುತ್ತೆ. ಆ ಕೆಂಪು ಬಾಗಿಲ ಬಿಳಿ ಕಾರು ತುಮಕೂರಲ್ಲಿ ಯಾರಾದ್ರೂ ನೋಡಿದ್ರೆ, ಅದು ಅದೇ.