ಫೈರ್‌ವಾಲ್ ಇದ್ದ ಮೇಲೆ ಸಂಶೋಧನೆ ಏತಕ್ಕೆ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕುಳಿತವರು ನನ್ನ ಕೆಲಸವೇನೆಂದು ವಿಚಾರಿಸುತ್ತಾರೆ. ಅತಿವೇಗದ ಕಂಪ್ಯೂಟರ್ ಜಾಲಗಳನ್ನು ಕಾಯುವುದು ಹೇಗೆಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತೇನೆ ಎಂದರೆ ಕೂಡಲೇ ಮರುಪ್ರಶ್ನೆ ಬರುತ್ತದೆ: “ಒಂದು ಫೈರ್‌ವಾಲ್ ಕೊಂಡು ತಂದರೆ ಮುಗಿಯಿತಲ್ಲ?” ಫೈರ್‌ವಾಲ್ ಎಂದರೆ ಜಾಲದ ಬಾಗಿಲಲ್ಲಿ ನಿಂತು ಬೇಡದ ಸಂಚಾರವನ್ನು ತಡೆಯುವ ಸಾಧನ. ದೀಪಾವಳಿಗೆ ಊರಿಗೆ ಹೋದಾಗ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಕಾಕಾ ಕೂಡ ಇದನ್ನೇ ಕೇಳಿದರು.

ಮುಗಿಯುವುದಿಲ್ಲ, ಏಕೆಂದರೆ ಕಾಯುವವನಿಗೆ ಸಮಯವೇ ಇರುವುದಿಲ್ಲ. ಸೆಕೆಂಡಿಗೆ 100 ಗಿಗಾಬಿಟ್ ಸಾಗಿಸುವ ತಂತಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಸಾಗುತ್ತದೆ. ತಂತಿ ಜಾಲಗಳ ರೂಢಿಯ ಪದ್ಧತಿಯಾದ ಈಥರ್ನೆಟ್ಟಿನಲ್ಲಿ ಅತಿ ಚಿಕ್ಕ ಪ್ಯಾಕೆಟ್ 64 ಬೈಟ್. ಪ್ಯಾಕೆಟ್‌ಗಳ ನಡುವಿನ ಅಂತರ ಮತ್ತು ಮುನ್ಸೂಚನೆಯ ಬಿಟ್‌ಗಳೂ ಸೇರಿದರೆ 84 ಬೈಟ್. ಅಂಥವೇ ಬಂದರೆ ಸೆಕೆಂಡಿಗೆ 14.88 ಕೋಟಿ ಪ್ಯಾಕೆಟ್‌ಗಳು, ಒಂದೊಂದಕ್ಕೆ 6.72 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಸೆಕೆಂಡ್). ಕಂಪ್ಯೂಟರಿನ ಮುಖ್ಯ ಸ್ಮೃತಿಯಿಂದ ಒಂದು ಮಾಹಿತಿ ಹೆಕ್ಕಲು ಸುಮಾರು 50ರಿಂದ 100 ನ್ಯಾನೋಸೆಕೆಂಡ್ ಬೇಕು. “ಇದು ಯಾವ ಸಂಪರ್ಕಕ್ಕೆ ಸೇರಿದ್ದು?” ಎಂದು ಪಟ್ಟಿಯಲ್ಲಿ ಹುಡುಕುವಷ್ಟರಲ್ಲಿ ಇನ್ನೂ ಏಳೆಂಟು ಪ್ಯಾಕೆಟ್‌ಗಳಾದರೂ ದಾಟಿರುತ್ತವೆ. ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಬಹುದು, ಹಂಚುತ್ತೇವೆ ಕೂಡ. ಆದರೆ ಒಂದೇ ಸಂಪರ್ಕದ ಪ್ಯಾಕೆಟ್‌ಗಳು ಒಂದೇ ಕಡೆ ಸೇರಬೇಕು; ದಾಳಿಯ ಗುರುತು ಎರಡು ಪ್ಯಾಕೆಟ್‌ಗಳಲ್ಲಿ ಒಡೆದು ಬಂದರೆ ಅರ್ಧ ಕಂಡವನಿಗೆ ಏನೂ ತಿಳಿಯುವುದಿಲ್ಲ.

ಕಾಕಾ ಕೇಳಿದರು: “ಎಲ್ಲವನ್ನೂ ಏಕೆ ನೋಡಬೇಕು ತಮ್ಮಾ? ಚೀಲದಿಂದ ಒಂದು ಹಿಡಿ ತೆಗೆದು ನೋಡಿದರೆ ಮಾಲು ಎಂಥದೆಂದು ನಮಗೆ ಗೊತ್ತಾಗುತ್ತದೆ.” ಬಹಳ ಒಳ್ಳೆಯ ಪ್ರಶ್ನೆ. ಲಕ್ಷಾಂತರ ಪ್ಯಾಕೆಟ್ ಸುರಿದು ಜಾಲವನ್ನೇ ಮುಳುಗಿಸುವ ದಾಳಿಗೆ ಆ ಒಂದು ಹಿಡಿ ಸಾಕು. ಸಾವಿರಕ್ಕೊಂದನ್ನು ನೋಡಿದರೂ ಪತ್ತೆಯಾಗುತ್ತದೆ. ನಾಲ್ಕೇ ಪ್ಯಾಕೆಟ್‌ಗಳಲ್ಲಿ ಸದ್ದಿಲ್ಲದೆ ಒಳನುಗ್ಗುವವನು ಮಾತ್ರ ಆ ಹಿಡಿಗೆ ಸಿಗುವುದಿಲ್ಲ. ನನ್ನ ನಿದ್ದೆ ಕೆಡಿಸುವವನು ಅವನೇ.

ಆದ್ದರಿಂದ ಯಾವುದನ್ನು ನೋಡದೆ ಬಿಡಬಹುದು ಎಂದು ಕಂಡುಕೊಳ್ಳುವುದೇ ಈ ವಿದ್ಯೆಯ ತಿರುಳು ಎಂದು ನಾನು ನಂಬಿದ್ದೇನೆ. ಜಾಲದಲ್ಲಿ ಹೆಚ್ಚಿನ ಸಂಪರ್ಕಗಳು ಚಿಕ್ಕವು. ಭಾರವೆಲ್ಲ ಕೆಲವೇ ದೊಡ್ಡ ಸಂಪರ್ಕಗಳದ್ದು. ದೊಡ್ಡ ಸಂಪರ್ಕದ ಆರಂಭವನ್ನು ಚೆನ್ನಾಗಿ ಪರೀಕ್ಷಿಸಿ, ಉಳಿದದ್ದನ್ನು ಪರೀಕ್ಷಿಸದೆ ಪಕ್ಕದ ದಾರಿಗೆ ಬಿಟ್ಟರೆ ಹೊರೆ ಬಹಳ ಇಳಿಯುತ್ತದೆ. ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದಲ್ಲಿ ವರ್ನ್ ಪ್ಯಾಕ್ಸನ್ 1995ರಲ್ಲಿ ಆರಂಭಿಸಿದ, ಜಾಲದ ಸಂಚಾರವನ್ನು ಗಮನಿಸುವ ‘ಬ್ರೋ’ ತಂತ್ರಾಂಶ ಇಂದಿಗೂ ಈ ಕೆಲಸಕ್ಕೆ ನೆರವಾಗುತ್ತಿದೆ. 2018ರಿಂದ ಅದರ ಹೆಸರು ‘ಝೀಕ್’. ಮುಕ್ತ ತಂತ್ರಾಂಶವಾದ್ದರಿಂದ ನಮ್ಮ ವಿದ್ಯಾರ್ಥಿಗಳು ಅದನ್ನು ಬಿಚ್ಚಿ ನೋಡಬಹುದು, ತಿದ್ದಲೂಬಹುದು. ಫೈರ್‌ವಾಲ್ ಪೆಟ್ಟಿಗೆ ಕೊಂಡರೆ ಈ ಭಾಗ್ಯವಿಲ್ಲ.

“ಹಾಗಾದರೆ ನಮ್ಮ ಸಂದೇಶಗಳನ್ನೆಲ್ಲ ಓದುತ್ತೀರಾ?” ಎಂದೂ ಕೆಲವರು ಅಳುಕುತ್ತಾರೆ. ಈಗ ಬಹುತೇಕ ಸಂಚಾರ ಗೂಢಲಿಪಿಯಲ್ಲಿರುತ್ತದೆ. ಒಳಗಿನದು ನಮಗೆ ಕಾಣುವುದಿಲ್ಲ, ಕಾಣಲೂಬಾರದು. ಯಾರು ಯಾರೊಂದಿಗೆ, ಎಷ್ಟು ಹೊತ್ತು, ಯಾವ ಲಯದಲ್ಲಿ ಎಂಬುದಷ್ಟೇ ನಮಗೆ ಸಿಗುವ ಸುಳಿವು. ಅದೂ ಸೂಕ್ಷ್ಮವಾದ ಮಾಹಿತಿಯೇ. ಹಾಗಾಗಿ ದಾಖಲೆಗಳಲ್ಲಿನ ವಿಳಾಸಗಳನ್ನು ಮರೆಮಾಡಿದ ನಂತರವೇ ಅವು ನನ್ನ ವಿದ್ಯಾರ್ಥಿಗಳ ಕೈಗೆ ಹೋಗುತ್ತವೆ.