ನಾಸ್ಟಾಲ್ಜಿಯಾ ಹುಟ್ಟಿದ ಊರಿನಿಂದ

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಅನ್ನ ಕಲಸಿಕೊಂಡು ಕೂತರೆ ಎರಡನೇ ತುತ್ತಿಗೇ ಗಂಟಲು ಕಟ್ಟುತ್ತಿತ್ತು. ಜ್ವರ ಇಲ್ಲ, ನೆಗಡಿ ಇಲ್ಲ. ಈ ಸಂಕಟಕ್ಕೆ ಹೆಸರಿಟ್ಟ ಊರಲ್ಲೇ ನಾನಿದ್ದೇನೆ ಅಂತ ಗೊತ್ತಾಗಿದ್ದು ಆಮೇಲೆ.

ಹಳೇ ಹಾಡು ಕೇಳಿದಾಗ, ಶಾಲೆಯ ಫೋಟೋ ಸಿಕ್ಕಾಗ ‘ನಾಸ್ಟಾಲ್ಜಿಯಾ’ ಅಂತೀವಿ, ಅಲ್ವಾ? ಅದು ಹುಟ್ಟಿದ್ದು ಕಾಯಿಲೆಯ ಹೆಸರಾಗಿ. 1688ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಯೊಹಾನೆಸ್ ಹೋಫರ್ ತನ್ನ ಪ್ರಬಂಧಕ್ಕೆಂದು ಕಟ್ಟಿದ ಪದ. ಗ್ರೀಕಿನಲ್ಲಿ ‘ನೊಸ್ಟೊಸ್’ ಅಂದರೆ ಮನೆಗೆ ಮರಳುವುದು. ಗ್ರೀಕ್ ಪುರಾಣದಲ್ಲಿ ಟ್ರಾಯ್ ಯುದ್ಧ ಮುಗಿಸಿದ ವೀರ ಒಡಿಸ್ಸಿಯಸ್ ತನ್ನೂರು ಇಥಾಕಾ ಸೇರಲು ಹತ್ತು ವರ್ಷ ಅಲೆದನಲ್ಲ, ಅದು. ‘ಆಲ್ಗೊಸ್’ ಅಂದರೆ ನೋವು. ನರದ ನೋವಿಗೆ ಡಾಕ್ಟರು ‘ನ್ಯೂರಾಲ್ಜಿಯಾ’ ಅಂತ ಬರೆಯುತ್ತಾರಲ್ಲ, ಅದರ ಬಾಲವೇ ಇದಕ್ಕೂ ಇದೆ. ಎರಡೂ ತುಣುಕು ಹಳೇ ಗ್ರೀಕಿನವು, ಆದರೆ ಹಳೇ ಗ್ರೀಕರು ಅವನ್ನು ಜೋಡಿಸಿರಲಿಲ್ಲ. ಇಲ್ಲಿನ ಜನ ಜರ್ಮನ್‌ನಲ್ಲಿ ‘ಹೈಮ್‌ವೇ’ ಅನ್ನುತ್ತಿದ್ದರು, ಅಂದರೆ ಮನೆ ನೋವು. ಅದನ್ನೇ ಹೋಫರ್ ಗ್ರೀಕಿಗೆ ತಂದ. ಜನರ ಬಾಯಲ್ಲಿದ್ದ ನೋವಿಗೆ ವೈದ್ಯರ ಪುಸ್ತಕದಲ್ಲಿ ಜಾಗ ಸಿಕ್ಕಿತು. ನನಗೆ ತುಂಬ ಇಷ್ಟವಾಗಿದ್ದು ಇದೇ.

ಅವನು ಬರೆದ ರೋಗಿಗಳಲ್ಲಿ ಒಬ್ಬ ಬರ್ನ್‌ನಿಂದ ಓದಲು ಬಂದ ಹುಡುಗ. ಇನ್ನು ಉಳಿಯಲಾರ ಅಂತ ಜನ ಪ್ರಾರ್ಥನೆಗೂ ತೊಡಗಿದ್ದರು. ಊರಿಗೆ ಕಳಿಸಿದರೆ ದಾರಿಯಲ್ಲೇ ಚೇತರಿಸಿಕೊಂಡ. ಬರ್ನ್ ಈಗ ಇಲ್ಲಿಂದ ರೈಲಲ್ಲಿ ಒಂದು ಗಂಟೆಯ ದಾರಿ! ಇನ್ನೊಬ್ಬಳು ಬಿದ್ದು ಪೆಟ್ಟಾಗಿ ಆಸ್ಪತ್ರೆ ಸೇರಿದ ಹಳ್ಳಿ ಹುಡುಗಿ. ಊಟ ಬೇಡ, ಔಷಧಿ ಬೇಡ. ಏನು ಕೇಳಿದರೂ ‘ಇಖ್ ವಿಲ್ ಹೈಮ್’, ಮನೆಗೆ ಹೋಗ್ಬೇಕು. ಓದುವಾಗ ನಮ್ಮ ಅತ್ತಿಗೆ ನೆನಪಾದರು. ಮದುವೆಯಾದ ಹೊಸತರಲ್ಲಿ ಸಂಜೆಯಾದರೆ ಜಗಲಿ ಮೇಲೆ ಕೂತು ತವರಿನ ಬಸ್ಸು ಬರುವ ದಾರಿ ನೋಡುತ್ತಿದ್ದರು. ‘ಸುಮ್ನೆ ಅಳ್ತಾಳೆ, ಸರಿ ಹೋಗ್ತಾಳೆ’ ಅಂದಿದ್ದರು ಮನೆಯ ದೊಡ್ಡವರು.

ಕಾಲ ಕಳೆದಂತೆ ಪದದಲ್ಲಿದ್ದ ಕಾಯಿಲೆ ಸವೆದು ಸಿಹಿ ನೆನಪಷ್ಟೇ ಉಳಿಯಿತು. ಹೋಫರ್ ಪಟ್ಟಿ ಮಾಡಿದ ಲಕ್ಷಣಗಳಲ್ಲಿ ಹಸಿವಾಗದಿರುವುದು, ನಿದ್ದೆಗೆಡುವುದು, ಸದಾ ಮನೆಯದೇ ಯೋಚನೆ ಇವೆಲ್ಲ ಇವೆ. ಭಾನುವಾರ ಅಮ್ಮ ಫೋನ್ ಮಾಡಿದಾಗ ಮೊದಲು ಕೇಳುವುದೂ ಇದನ್ನೇ. ‘ಊಟ ಸೇರ್ತಿದ್ಯಾ? ನಿದ್ದೆ ಬರ್ತಿದ್ಯಾ?’ ಆ ಚಳಿಗಾಲವೆಲ್ಲ ‘ಹ್ಞೂಂ, ಚೆನ್ನಾಗಿದೀನಿ’ ಅಂತಲೇ ಹೇಳಿದ್ದೆ. ಕಳೆದ ವಾರ ನಿಜ ಹೇಳಿದೆ.